ಅಕ್ಕನಿಗೆ ಲೂಪಸ್ ಇದೆ, ತಂಗಿಗೂ ಬರುತ್ತದಾ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು. ನನಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ 24. ಎರಡು ವರ್ಷದ ಹಿಂದೆ ಜ್ವರ, ಕೀಲುನೋವು, ಮುಖದ ಮೇಲೆ ಕೆಂಪು ಕಲೆ ಬಂದು ಲೂಪಸ್ ಅಂತ ಗೊತ್ತಾಯ್ತು. ಈಗ ಗುಳಿಗೆ ಮೇಲೆ ಆರಾಮಿದ್ದಾಳೆ. ನನಗೆ ಥೈರಾಯ್ಡ್ ಇದೆ. ನಮ್ಮವ್ವನಿಗೆ ಕೈಬೆರಳು ಸೊಟ್ಟಗಾಗುವ ಸಂಧಿವಾತ ಇತ್ತು. ನನ್ನ ಮದುವೆ ಹೊರಗಿನ ಸಂಬಂಧ. ಕಿರಿಯ ಮಗಳಿಗೆ 20, ಯಾವ ತೊಂದರೆಯೂ ಇಲ್ಲ. ಆದರೂ ಹೆದರಿ ರಕ್ತ ಕೊಡಿಸಿದೆವು. ಎಎನ್‌ಎ ಪಾಸಿಟಿವ್, 1:80 ಅಂತ ಬಂದಿದೆ. ಅವಳನ್ನು ನನ್ನ ತಮ್ಮನಿಗೇ ಕೊಡುವ ಮಾತು ನಡೆದಿದೆ. ಇದು ನಮ್ಮ ಮನೆತನದ ರೋಗವೇ? ಕಿರಿಯವಳಿಗೂ ಬರುತ್ತದೆಯೇ? ಜೀನ್ ಟೆಸ್ಟ್ ಮಾಡಿಸಬೇಕೇ? ಹಿರಿಯವಳಂತೂ ‘ಹುಟ್ಟಿನಿಂದಲೇ ಬಂದದ್ದಾದರೆ ಗುಳಿಗೆ ಯಾಕೆ ನುಂಗಬೇಕು’ ಅನ್ನುತ್ತಿದ್ದಾಳೆ.

ಉತ್ತರ: ಅಕ್ಕಾ, ಕಿರಿಯವಳ ಮಾತು ಮೊದಲು ಮುಗಿಸೋಣ. ನಿಮ್ಮ ನಿದ್ದೆ ಕೆಟ್ಟಿರುವುದು ಅವಳ ಚಿಂತೆಯಲ್ಲೇ ಅಂತ ಪತ್ರ ನೋಡಿದರೆ ಗೊತ್ತಾಗುತ್ತದೆ. ನೀವು ಬರೆದಿರುವ ಪ್ರಕಾರ ಅವಳಿಗೆ ಲೂಪಸ್ ಇಲ್ಲ. ಮುಂದೆಯೂ ಬರದೇ ಇರುವ ಸಾಧ್ಯತೆಯೇ ಬಹಳ ದೊಡ್ಡದು.

ಲೆಕ್ಕ ಹೇಳುತ್ತೇನೆ. ಲೂಪಸ್ ಅಂದರೆ ದೇಹದ ಕಾವಲು ಪಡೆ ತನ್ನ ಮೈ ಮೇಲೇ ತಿರುಗಿ ಬೀಳುವ ಅಪರೂಪದ ಕಾಯಿಲೆ. ದೆಹಲಿ ಸುತ್ತಲಿನ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷ ಜನರಲ್ಲಿ ಸುಮಾರು 3 ಮಂದಿಗೆ ಸಿಕ್ಕಿತ್ತು. ಅದು ತೀರಾ ಕಡಿಮೆ ಆಯ್ತು ಅನ್ನುವವರ ಪೈಕಿ ನಾನೂ ಇದ್ದೇನೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಲೂಪಸ್ ‘ವಾತ’ ಅನ್ನಿಸಿಕೊಂಡೇ ಇದ್ದುಬಿಡುತ್ತದೆ. ಹಾಗಾಗಿ ಧಾರಾಳವಾಗಿ ಲಕ್ಷಕ್ಕೆ 50 ಅಂತ ಇಟ್ಟುಕೊಳ್ಳಿ. ತೈವಾನಿನವರು ತಮ್ಮ ಇಡೀ ದೇಶದ ಸುಮಾರು 2 ಕೋಟಿ 30 ಲಕ್ಷ ಜನರ ಆರೋಗ್ಯ ವಿಮೆಯ ದಾಖಲೆ ತೆಗೆದು 2015ರಲ್ಲಿ ಒಂದು ಲೆಕ್ಕ ಕೊಟ್ಟರು. ಒಡಹುಟ್ಟಿದವರಲ್ಲಿ ಒಬ್ಬರಿಗೆ ಲೂಪಸ್ ಇದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಉಳಿದವರಿಗಿಂತ 20 ಪಟ್ಟಿಗೂ ಜಾಸ್ತಿ.

ಇಪ್ಪತ್ತು ಪಟ್ಟು ಅಂದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಯಾವುದರ ಇಪ್ಪತ್ತು ಪಟ್ಟು ಅಂತ ನೋಡಬೇಕು. ಲಕ್ಷಕ್ಕೆ 50 ಇದ್ದದ್ದು 1000 ಆಯ್ತು. ಅಂದರೆ ನೂರಕ್ಕೆ ಒಬ್ಬರು. ಲೂಪಸ್ ಹೆಣ್ಣುಮಕ್ಕಳಿಗೇ ಜಾಸ್ತಿ ಬರುವುದರಿಂದ ಇನ್ನಷ್ಟು ಸೇರಿಸಿ ನೂರಕ್ಕೆ ಎರಡೋ ಮೂರೋ ಅನ್ನಿ. ಉಳಿದ 97 ತಂಗಿಯರು ಏನೂ ಆಗದೆ ಇರುತ್ತಾರೆ. ನಿಮ್ಮ ಮಗಳು ಆ 97ರಲ್ಲಿ ಇರುತ್ತಾಳೆ ಅಂತ ನಂಬಿ ನಡೆಯುವುದರಲ್ಲಿ ತಪ್ಪೇನಿಲ್ಲ.

ಹಾಗಾದರೆ ಮನೆತನದ ಪಾಲು ಏನೂ ಇಲ್ಲವೇ? ಇದೆ. ಅದನ್ನು ತಿಳಿಯಲು ಅವಳಿ ಮಕ್ಕಳನ್ನು ನೋಡಬೇಕು. ತದ್ರೂಪಿ ಅವಳಿಗಳಿಗೆ ಜೀನ್‌ಗಳೆಲ್ಲ ಒಂದೇ. ಅವರಲ್ಲಿ ಒಬ್ಬಳಿಗೆ ಲೂಪಸ್ ಬಂದರೆ ಇನ್ನೊಬ್ಬಳಿಗೆ ಬರುವುದು ನೂರಕ್ಕೆ ಸುಮಾರು 24 ಅಂತ 1992ರ ಒಂದು ಅಧ್ಯಯನ ಹೇಳಿತು. ಬೇರೆ ಬೇರೆ ರೂಪದ ಅವಳಿಗಳಲ್ಲಿ ಬರೀ 2. ಜೀನ್ ಲೆಕ್ಕಕ್ಕಿಲ್ಲ ಅನ್ನುವುದಾದರೆ ಈ ಎರಡು ಅಂಕಿ ಒಂದೇ ಇರಬೇಕಿತ್ತು. ಜೀನೇ ಎಲ್ಲ ಅನ್ನುವುದಾದರೆ 24ರ ಜಾಗದಲ್ಲಿ 100 ಇರಬೇಕಿತ್ತು. ತೈವಾನಿನ ಲೆಕ್ಕದಲ್ಲೂ ಹುಟ್ಟಿನಿಂದ ಬಂದ ಪಾಲು ನೂರಕ್ಕೆ 44ರಷ್ಟು. ಉಳಿದದ್ದು ಮನೆಯ ವಾತಾವರಣ, ಮತ್ತು ಅವರವರ ಬದುಕಿನಲ್ಲಿ ಆದದ್ದು ಹೋದದ್ದು.

ಗದಗಿನ ಮಾರುಕಟ್ಟೆಯಲ್ಲಿ ಹೆಸರುಕಾಳು ತೂಗುವುದನ್ನು ನೋಡಿರುತ್ತೀರಿ. ಕೊನೆಯಲ್ಲಿ ತಕ್ಕಡಿಗೆ ಚಿಟಿಕೆ ಚಿಟಿಕೆ ಕಾಳು ಹಾಕುತ್ತಾರೆ. ಯಾವ ಕಾಳು ಬಿದ್ದದ್ದಕ್ಕೆ ತಟ್ಟೆ ವಾಲಿತು ಅಂತ ಯಾರೂ ಹೇಳಲಾರರು. ಲೂಪಸ್‌ನ ಜೀನ್‌ಗಳೂ ಹಾಗೆ. 2008ರಿಂದೀಚೆಗೆ ಸಾವಿರಾರು ರೋಗಿಗಳ ಪೂರ್ತಿ ಜೀನ್ ನಕ್ಷೆ ಜಾಲಾಡಿ ನೂರಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿದ್ದಾರೆ. ಒಂದೊಂದೂ ಒಂದು ಕಾಳಿನಷ್ಟು ಭಾರ. ಇವು ನಮ್ಮೆಲ್ಲರ ಮೈಯಲ್ಲೂ ಒಂದಿಷ್ಟು ಇರುತ್ತವೆ, ನನ್ನಲ್ಲೂ ಇರುತ್ತವೆ. ನಿಮ್ಮ ಹಿರಿಯ ಮಗಳಿಗೆ ತಾಯಿ ಕಡೆಯಿಂದ ಒಂದಿಷ್ಟು ಬಿದ್ದವು, ತಂದೆ ಕಡೆಯಿಂದ ಒಂದಿಷ್ಟು ಬಿದ್ದವು. ‘ರೋಗ ತಾಯಿ ಮನೆಯಿಂದ ಬಂತು’ ಅಂತ ಯಾರಾದರೂ ನಿಮ್ಮ ಕಡೆ ಬೆರಳು ತೋರಿಸಿದರೆ ಇದನ್ನೇ ಹೇಳಿ. ನನ್ನ ಹತ್ತಿರ ಬರುವ ಅತ್ತೆಯರಿಗೂ ನಾನು ಇದನ್ನೇ ಹೇಳುವುದು.

ಕೆಲವು ಮಾತ್ರ ಚಿಟಿಕೆಯಲ್ಲ, ಹಿಡಿಯಷ್ಟು ಭಾರ. ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ; ಆರನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಅಂತ ಒಂದು ಗುಂಪಿದೆ. ಕಿಡ್ನಿ ಕೊಡುವಾಗ ಹೊಂದಾಣಿಕೆ ನೋಡುತ್ತಾರಲ್ಲ, ಅದೇ. ದೇಹದ ಕಾವಲು ಕಣಗಳಿಗೆ ‘ಇದು ನಮ್ಮದು, ಇದು ಹೊರಗಿನದು’ ಅಂತ ತುಣುಕು ಎತ್ತಿ ತೋರಿಸುವುದು ಅದರ ಕೆಲಸ. ಅದರಲ್ಲಿ ಡಿಆರ್3, ಡಿಆರ್15 ಅನ್ನುವ ಬಗೆ ಇದ್ದವರಿಗೆ ಲೂಪಸ್ ಸಾಧ್ಯತೆ ಸುಮಾರು ಎರಡು ಪಟ್ಟು. ಆದರೆ ಡಿಆರ್15 ನಮ್ಮ ದೇಶದ ಆರೋಗ್ಯವಂತರಲ್ಲೂ ಸಾಕಷ್ಟು ಜನಕ್ಕೆ ಇದೆ. ಅದೊಂದನ್ನು ಹಿಡಿದು ಏನನ್ನೂ ಹೇಳುವ ಹಾಗಿಲ್ಲ.

ಈ ಜೀನ್‌ಗಳು ಏನು ಮಾಡುತ್ತವೆ ಅಂತ ನೋಡಿದರೆ ರೋಗ ಅರ್ಥವಾಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಮೈಯಲ್ಲಿ ದಿನಕ್ಕೆ ಕೋಟ್ಯಂತರ ಜೀವಕೋಶಗಳು ಸಾಯುತ್ತವೆ. ಅವುಗಳ ಹೊಟ್ಟೆಯೊಳಗೆ ಡಿಎನ್‌ಎ ಇರುತ್ತದೆ. ಸತ್ತದ್ದನ್ನು ತಕ್ಷಣ ಎತ್ತಿ ಹಾಕಬೇಕು. ಓಣಿಗೆ ನಾಲ್ಕು ದಿನ ಕಸದ ಗಾಡಿ ಬರದಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ, ಒಳಗೂ ಹಾಗೇ. ಕಸ ಎತ್ತುವ ಕೆಲಸಕ್ಕೆ ಸಿ1ಕ್ಯೂ, ಸಿ4 ಅನ್ನುವ ಕಾಂಪ್ಲಿಮೆಂಟ್ ಪ್ರೋಟೀನುಗಳಿವೆ. ಬಿದ್ದಿರುವ ಡಿಎನ್‌ಎ ಕತ್ತರಿಸುವ ಕಿಣ್ವಗಳಿವೆ. ಇವುಗಳ ಜೀನ್ ದುರ್ಬಲವಾಗಿದ್ದರೆ ಕಸ ಉಳಿಯುತ್ತದೆ. ಆಗ ಎರಡನೇ ಗುಂಪು ಎಚ್ಚರವಾಗುತ್ತದೆ. ವೈರಸ್ ಬಂದಾಗ ಗಂಟೆ ಬಾರಿಸುವ ಜೀನ್‌ಗಳು ಇವು. ಟಿಎಲ್‌ಆರ್7, ಐಆರ್‌ಎಫ್5 ಅಂತ ಹೆಸರು. ತನ್ನದೇ ಕಸವನ್ನು ಅವು ವೈರಸ್ ಅಂತ ತಿಳಿದು ಇಂಟರ್‌ಫೆರಾನ್ ಅನ್ನುವ ರಾಸಾಯನಿಕ ಸುರಿಯುತ್ತವೆ. ಜ್ವರ, ಸುಸ್ತು, ಮೈಕೈ ನೋವು ಎಲ್ಲ ಅದರದ್ದೇ ಕಾಟ. ಇನ್ನು ಮೂರನೇ ಗುಂಪು ಆ್ಯಂಟಿಬಾಡಿ (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನು) ತಯಾರಿಸುವ ಕಣಗಳನ್ನು ಹದ್ದುಬಸ್ತಿನಲ್ಲಿ ಇಡುವಂಥದ್ದು. ಆ ಲಗಾಮು ಸಡಿಲವಾದರೆ ನಮ್ಮ ಡಿಎನ್‌ಎ ಮೇಲೇ ಆ್ಯಂಟಿಬಾಡಿ ಹುಟ್ಟುತ್ತದೆ. ಅದು ಹೋಗಿ ಕಿಡ್ನಿಯಲ್ಲಿ ಕೂತರೆ ಮೂತ್ರದಲ್ಲಿ ನೊರೆ ಬರುತ್ತದೆ.

ಬಿಸಿಲಿಗೆ ಲೂಪಸ್ ಯಾಕೆ ಕೆರಳುತ್ತದೆ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಗಳನ್ನು ಕೊಲ್ಲುತ್ತದೆ, ಒಮ್ಮೆಲೇ ಕಸ ಜಾಸ್ತಿಯಾಗುತ್ತದೆ. ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳು ನನಗೆ ಇನ್ನೂ ಕಣ್ಣ ಮುಂದಿದ್ದಾಳೆ. ಸುಗ್ಗಿಯಲ್ಲಿ ಇಡೀ ದಿನ ಬಯಲಲ್ಲಿ ಕೂತು ಮೆಣಸಿನಕಾಯಿ ಆರಿಸುವ ಕೆಲಸ. ಕೈ ಕೆಂಪಾಗಿದ್ದಕ್ಕೆ ಖಾರದ ಉರಿ ಅಂತ ಮನೆಯವರು ಕೊಬ್ಬರಿ ಎಣ್ಣೆ ಹಚ್ಚಿದ್ದರು. ನಾನು ಅವಳ ಬಳೆ ಸರಿಸಿ ನೋಡಿದೆ. ಬಳೆಯ ಅಡಿಯಲ್ಲಿ ಚರ್ಮ ಸ್ವಚ್ಛವಾಗಿತ್ತು. ಕುಪ್ಪಸದ ತೋಳು ಮುಗಿಯುವಲ್ಲಿಗೆ ಗೆರೆ ಎಳೆದ ಹಾಗೆ ಕೆಂಪು ನಿಂತಿತ್ತು. ಬೆರಳಿನ ಗೆಣ್ಣುಗಳ ಮೇಲೆ ಇರಲಿಲ್ಲ, ಎರಡು ಗೆಣ್ಣಿನ ನಡುವೆ ಇತ್ತು. ಖಾರದ ಉರಿಗೆ ಬಳೆಯ ಗಡಿ ಗೊತ್ತಾಗುತ್ತದೆಯೇ? ಬಿಸಿಲಿಗೆ ಮಾತ್ರ ಗೊತ್ತಾಗುತ್ತದೆ. ಅವಳ ತಂಗಿಯೂ ಅದೇ ಬಯಲಲ್ಲಿ, ಅದೇ ಬಿಸಿಲಲ್ಲಿ, ಅದೇ ರಾಶಿಯ ಮುಂದೆ ಕೂತಿರುತ್ತಿದ್ದಳು. ಅವಳಿಗೆ ಏನೂ ಆಗಿಲ್ಲ.

ಹೆಣ್ಣುಮಕ್ಕಳಿಗೇ ಯಾಕೆ ಅಂತ ನೀವು ಕೇಳಿಲ್ಲ, ಆದರೆ ಈ ರೋಗದ ದೊಡ್ಡ ಒಗಟು ಅದೇ. ಲೂಪಸ್ ಇರುವ ಹತ್ತು ಜನರಲ್ಲಿ ಒಂಬತ್ತು ಹೆಣ್ಣುಮಕ್ಕಳು. ಮೊದಲೆಲ್ಲ ಹಾರ್ಮೋನು ಅಂತ ಹೇಳಿ ಮುಗಿಸುತ್ತಿದ್ದೆವು. ಅದರ ಪಾಲೂ ಇದೆ. ಆದರೆ ಎಕ್ಸ್ ಕ್ರೋಮೋಸೋಮಿನ ಪಾಲು ದೊಡ್ಡದು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್‌ಗೆ ಬೀಗ ಬಿದ್ದಿರುತ್ತದೆ. ಕೆಲವು ಜೀನ್‌ಗಳು ಆ ಬೀಗ ತಪ್ಪಿಸಿಕೊಂಡು ಎರಡೂ ಕಡೆಯಿಂದ ಕೆಲಸ ಮಾಡುತ್ತವೆ. ಗಂಟೆ ಬಾರಿಸುವ ಟಿಎಲ್‌ಆರ್7 ಅಂಥದ್ದೇ ಒಂದು. ಎಕ್ಸ್‌ಎಕ್ಸ್‌ವೈ ಇರುವ ಗಂಡಸರಲ್ಲಿ, ಅಂದರೆ ಒಂದು ಎಕ್ಸ್ ಜಾಸ್ತಿ ಇರುವವರಲ್ಲಿ, ಲೂಪಸ್ ಬೇರೆ ಗಂಡಸರಿಗಿಂತ ಸುಮಾರು 14 ಪಟ್ಟು ಜಾಸ್ತಿ. 2022ರಲ್ಲಿ ಕರೋಲಾ ವಿನುಏಸಾ ಮತ್ತು ಅವರ ಜೊತೆಯ ವಿಜ್ಞಾನಿಗಳು ಸ್ಪೇನಿನ ಒಬ್ಬ ಹುಡುಗಿಯ ಟಿಎಲ್‌ಆರ್7 ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡರು. ಅವಳಿಗೆ ಏಳನೇ ವಯಸ್ಸಿಗೇ ಲೂಪಸ್ ಬಂದಿತ್ತು. ಅದೇ ಬದಲಾವಣೆಯನ್ನು ಇಲಿಗೆ ಕೊಟ್ಟಾಗ ಇಲಿಗೂ ಲೂಪಸ್ ಬಂತು. ಜೀನಿನ ಒಂದು ಅಕ್ಷರ ರೋಗ ತರಬಲ್ಲದು ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ನನ್ನ ಮಟ್ಟಿಗೆ ಮರೆಯಲಾಗದ ಕೆಲಸ. ಆದರೆ ನೂರಕ್ಕೆ ತೊಂಬತ್ತೊಂಬತ್ತು ರೋಗಿಗಳ ಕಥೆ ಅದಲ್ಲ.

ಈಗ ನಿಮ್ಮ ಮನೆಯ ಮೂರು ಕಾಯಿಲೆ. ಅವ್ವನಿಗೆ ಸಂಧಿವಾತ, ನಿಮಗೆ ಥೈರಾಯ್ಡ್, ಮಗಳಿಗೆ ಲೂಪಸ್. ನಿಮ್ಮದು ಆ್ಯಂಟಿಬಾಡಿಯಿಂದ ಆದ ಥೈರಾಯ್ಡ್ ಇದ್ದೀತು ಅಂತ ನನ್ನ ಊಹೆ, ಹೆಚ್ಚಿನವರದ್ದು ಅದೇ. ಹೊರಗಿನವರಿಗೆ ಇದು ಮೂರು ಬೇರೆ ರೋಗ. ನಮಗೆ ಒಂದೇ ಬಳ್ಳಿಯ ಮೂರು ಕಾಯಿ. ಮೇಲೆ ಹೇಳಿದ ಕಾಳುಗಳಲ್ಲಿ ಎಷ್ಟೋ ಇವೆಲ್ಲಕ್ಕೂ ಸಾಮಾನ್ಯ. ಎಸ್‌ಟಿಎಟಿ4 ಅನ್ನುವ ಜೀನ್ ಸಂಧಿವಾತದಲ್ಲೂ ಪಾಲುದಾರ, ಲೂಪಸ್‌ನಲ್ಲೂ ಪಾಲುದಾರ. ಯಾವುದು ಕಾಯಿ ಬಿಡುತ್ತದೆ ಅನ್ನುವುದು ಉಳಿದ ಕಾಳುಗಳ ಮೇಲೆ, ಬದುಕಿನ ಮೇಲೆ ಹೋಗುತ್ತದೆ. ಸಂಧಿವಾತಕ್ಕೆ ಬೀಡಿ ಸಿಗರೇಟು ದೊಡ್ಡ ಕಾರಣ. ಲೂಪಸ್‌ಗೆ ಬಿಸಿಲು, ಹೊಗೆ, ಕಲ್ಲು ಒಡೆಯುವ ಕಡೆ ಏಳುವ ಸಿಲಿಕಾ ಧೂಳು. ಒಂದು ಮನೆಯಲ್ಲಿ ತೊನ್ನು, ಥೈರಾಯ್ಡ್, ಮಕ್ಕಳ ಸಕ್ಕರೆ ಕಾಯಿಲೆ ಮೂರೂ ಒಟ್ಟಿಗೆ ಇರುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಹಾಗಾಗಿ ಕಿರಿಯವಳಿಗೆ ಒಂದು ಪರೀಕ್ಷೆ ಮಾಡಿಸಲೇಬೇಕು ಅಂತಿದ್ದರೆ ಥೈರಾಯ್ಡ್ ಮಾಡಿಸಿ. ಲೂಪಸ್‌ಗಿಂತ ಎಷ್ಟೋ ಪಾಲು ಜಾಸ್ತಿ ಬರುವಂಥದ್ದು ಅದು, ಪರೀಕ್ಷೆಯೂ ಅಗ್ಗ, ಔಷಧಿಯೂ ಅಗ್ಗ.

ಮಾಡಿಸಬಾರದಿತ್ತು ಅನ್ನುವುದು ಆ ಎಎನ್‌ಎ, ಅಂದರೆ ನಮ್ಮದೇ ಕೋಶದ ನಡುವಿನ ಬೀಜದ ಮೇಲೆ ಹುಟ್ಟಿದ ಆ್ಯಂಟಿಬಾಡಿ ಹುಡುಕುವ ಪರೀಕ್ಷೆ. ಬೈಯುತ್ತಿಲ್ಲ. ಆ ತಪ್ಪನ್ನು ನಾನೇ ಮಾಡಿದ್ದೇನೆ. ಹೊಸದಾಗಿ ಹುಬ್ಬಳ್ಳಿಯಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿದಾಗ ಒಬ್ಬ ಲೂಪಸ್ ರೋಗಿಯ ಮೂವರು ತಂಗಿಯರಿಗೂ ಸುಮ್ನೆ ಎಎನ್‌ಎ ಬರೆದುಕೊಟ್ಟೆ. ಇಬ್ಬರದು ಪಾಸಿಟಿವ್ ಬಂತು. ಒಬ್ಬಳ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇತ್ತು. ಬೀಗರ ಕಿವಿಗೆ ಬಿತ್ತು. ಅವರ ಮನೆಯ ಹಿರಿಯರನ್ನು ನನ್ನ ಕೋಣೆಯಲ್ಲಿ ಕೂರಿಸಿಕೊಂಡು ಒಂದು ತಾಸು ತಿಳಿಸಿ ಹೇಳಬೇಕಾಯ್ತು. ‘ಡಾಕ್ಟ್ರ, ರೋಗ ಇಲ್ಲಂದ್ರ ಪಾಸಿಟಿವ್ ಯಾಕ ಬಂತ್ರೀ?’ ಅಂತ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆ ಇಬ್ಬರಿಗೂ ಇವತ್ತಿನವರೆಗೆ ಏನೂ ಬಂದಿಲ್ಲ. ಅಂದಿನಿಂದ ಲಕ್ಷಣ ಇಲ್ಲದವರಿಗೆ ನಾನು ಎಎನ್‌ಎ ಬರೆಯುವುದಿಲ್ಲ.

1:80 ಅಂದರೆ ಏನು ಹೇಳುತ್ತೇನೆ. ರಕ್ತದ ನೀರನ್ನು 80 ಪಟ್ಟು ತೆಳು ಮಾಡಿದ ಮೇಲೂ ಮೈಕ್ರೋಸ್ಕೋಪಿನಲ್ಲಿ ಹೊಳಪು ಕಾಣುತ್ತದೆ ಅಂತ. ಅಷ್ಟೇ. 1997ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಆರೋಗ್ಯವಂತರ ರಕ್ತವನ್ನೇ ನೋಡಿದವು. 1:40ರಲ್ಲಿ ನೂರಕ್ಕೆ ಸುಮಾರು 32 ಜನ ಪಾಸಿಟಿವ್, 1:80ರಲ್ಲಿ 13 ಜನ, 1:160ರಲ್ಲಿ 5 ಜನ. ಯಾರಿಗೂ ರೋಗ ಇರಲಿಲ್ಲ. ಲೂಪಸ್ ಇರುವವರ ರಕ್ತಸಂಬಂಧಿಗಳಲ್ಲಿ ಇದು ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಮಗಳ 1:80 ಅಂಥದ್ದೇ.

ಮುಚ್ಚಿಡದೆ ಇನ್ನೊಂದು ಮಾತೂ ಹೇಳಬೇಕು. ಆ್ಯಂಟಿಬಾಡಿ ರೋಗಕ್ಕಿಂತ ಎಷ್ಟೋ ಮೊದಲೇ ಬರುವುದು ನಿಜ. ಅಮೆರಿಕದ ಸೇನೆಯವರು ತಮ್ಮ ಸೈನಿಕರ ರಕ್ತವನ್ನು ವರ್ಷಗಟ್ಟಲೆ ಶೇಖರಿಸಿ ಇಟ್ಟಿರುತ್ತಾರೆ. ಮುಂದೆ ಲೂಪಸ್ ಬಂದ 130 ಜನರ ಹಳೇ ರಕ್ತ ತೆಗೆದು ನೋಡಿದರೆ 115 ಜನರಲ್ಲಿ ರೋಗಕ್ಕೆ ಮುಂಚೆಯೇ ಒಂದಲ್ಲ ಒಂದು ಆ್ಯಂಟಿಬಾಡಿ ಇತ್ತು, ಕೆಲವರಲ್ಲಿ ಒಂಬತ್ತು ವರ್ಷ ಮುಂಚೆ. ಇದು 2003ರಲ್ಲಿ ಬಂದ ಅಧ್ಯಯನ. ಇದನ್ನು ಓದಿ ಹೆದರುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ರೋಗ ಬಂದವರಿಂದ ಹಿಂದಕ್ಕೆ ಹೋಗಿ ನೋಡಿದ್ದು. ಪಾಸಿಟಿವ್ ಇರುವವರಿಂದ ಮುಂದಕ್ಕೆ ನೋಡಿದರೆ ಬಹುಪಾಲು ಜನಕ್ಕೆ ಏನೂ ಬರುವುದಿಲ್ಲ. ಹೊಳೆ ದಾಟಿದವರೆಲ್ಲ ಚಪ್ಪಲಿ ಹಾಕಿದ್ದರು ಅಂದರೆ ಚಪ್ಪಲಿ ಹಾಕಿದವರೆಲ್ಲ ಹೊಳೆ ದಾಟುತ್ತಾರೆ ಅಂತಲ್ಲ.

ಆದ್ದರಿಂದ ರಿಪೋರ್ಟ್ ಹಾಳೆಯನ್ನು ಫೈಲಿಗೆ ಹಾಕಿ. ಪ್ರತಿ ವರ್ಷ ಮತ್ತೆ ಮಾಡಿಸಬೇಡಿ. ಹಾಳೆಯ ಬದಲು ಹುಡುಗಿಯನ್ನು ನೋಡಿ. ಬಿಸಿಲಿಗೆ ಹೋದ ಮೇಲೆ ಕೆನ್ನೆ, ಮೂಗಿನ ಮೇಲೆ ಕೆಂಪೇರಿ ಉಬ್ಬಿದರೆ ತೋರಿಸಿ. ಬಂಗು ಬೇರೆ, ಅದು ಕಂದು ಬಣ್ಣ, ಉಬ್ಬುವುದಿಲ್ಲ, ಉರಿಯುವುದಿಲ್ಲ. ಮೆಡಿಕಲ್ ಶಾಪಿನಿಂದ ಬಿಳಿ ಆಗುವ ಕ್ರೀಮು ತಂದು ಹಚ್ಚಿ ಮುಖ ಕೆಂಪಾದದ್ದೂ ಬೇರೆ. ಬಾಯಿಯ ಅಂಗಳದಲ್ಲಿ, ಅಂದರೆ ಬಾಯಿಯ ಮೇಲ್ಭಾಗದಲ್ಲಿ, ನೋವಿಲ್ಲದ ಹುಣ್ಣು ವಾರಗಟ್ಟಲೆ ಇದ್ದರೆ ತೋರಿಸಿ. ಚಳಿಗಾಲದ ಮುಂಜಾನೆ ತಣ್ಣೀರಲ್ಲಿ ಪಾತ್ರೆ ತಿಕ್ಕುವಾಗ ಬೆರಳು ಸುಣ್ಣದ ಹಾಗೆ ಬಿಳಿಯಾಗಿ ಆಮೇಲೆ ನೀಲಿಯಾದರೆ ತೋರಿಸಿ. ಬೆಳಗ್ಗೆ ಎದ್ದಾಗ ಬೆರಳು ಬಾತು ಮುಷ್ಟಿ ಕಟ್ಟಲು ಆಗದಿದ್ದರೆ, ಕಾಲು ಊದಿದರೆ, ಮೂತ್ರದಲ್ಲಿ ನೊರೆ ನಿಂತರೆ ತಡ ಮಾಡಬೇಡಿ. ಮೂತ್ರ ಪರೀಕ್ಷೆ, ಬಿಪಿ, ಸಾದಾ ರಕ್ತ ಪರೀಕ್ಷೆ ಇಷ್ಟು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಜೀನ್ ಟೆಸ್ಟ್ ಬೇಡ. ಕೆಲವು ಸಾವಿರ ಕೊಟ್ಟು ನಿಮಗೆ ಸಿಗುವುದು ‘ಅಪಾಯ ಸರಾಸರಿಗಿಂತ ಹೆಚ್ಚು’ ಅನ್ನುವ ಒಂದು ಸಾಲು. ಅಕ್ಕನಿಗೆ ಲೂಪಸ್ ಇದೆ ಅನ್ನುವುದರಿಂದಲೇ ಅದು ಗೊತ್ತಿದೆ. ಇನ್ನೊಂದು ಕೊರತೆಯೂ ಇದೆ. ಈ ಲೆಕ್ಕಗಳೆಲ್ಲ ಹೆಚ್ಚಾಗಿ ಯುರೋಪ್, ಚೀನಾ ಕಡೆಯ ಜನರ ಮೇಲೆ ಕಟ್ಟಿದ್ದು. ಪಿಟಿಪಿಎನ್22 ಅನ್ನುವ ಜೀನಿನ ಒಂದು ಬದಲಾವಣೆ ಯುರೋಪಿನವರಲ್ಲಿ ಥೈರಾಯ್ಡ್, ಸಂಧಿವಾತ, ಲೂಪಸ್ ಎಲ್ಲಕ್ಕೂ ಕಾರಣಗಳಲ್ಲೊಂದು. ನಮ್ಮವರಲ್ಲಿ ಅದು ಸಿಗುವುದೇ ಬಹಳ ವಿರಳ. ಅವರ ಅಂಗಿಯ ಅಳತೆ ನಮ್ಮ ಮೈಗೆ ಕೂರುವುದಿಲ್ಲ. ತೀರಾ ಬಲವಾದ ಜೀನ್ ಸಿಕ್ಕರೂ ಭವಿಷ್ಯ ಹೇಳಲು ಆಗುವುದಿಲ್ಲ. ಬೆನ್ನು ಬಿಗಿಯುವ ಸ್ಪಾಂಡಿಲೈಟಿಸ್‌ಗೆ ಎಚ್‌ಎಲ್‌ಎ-ಬಿ27 ಅಂತ ಒಂದಿದೆ, ಈ ರೋಗಗಳಲ್ಲಿ ಅದಕ್ಕಿಂತ ಗಟ್ಟಿ ನಂಟು ಸಿಗುವುದು ಕಷ್ಟ. ಅದಿರುವ ನೂರು ಜನರಲ್ಲೂ ರೋಗ ಬರುವುದು ಐದಾರು ಜನಕ್ಕೆ.

ಜೀನ್ ನೋಡಲೇಬೇಕಾದ ಮನೆಗಳೂ ಇವೆ. ಲೂಪಸ್ ಐದಾರು ವರ್ಷದ ಮಗುವಿಗೆ ಬಂದಿದ್ದರೆ, ಗಂಡು ಮಗುವಿಗೆ ಬಂದಿದ್ದರೆ, ಒಡಹುಟ್ಟಿದ ಇಬ್ಬರು ಮಕ್ಕಳಿಗೆ ಬಂದಿದ್ದರೆ, ತಂದೆ ತಾಯಿ ರಕ್ತಸಂಬಂಧಿಗಳಾಗಿದ್ದರೆ ನಾವು ಹುಷಾರಾಗುತ್ತೇವೆ. ಅಲ್ಲಿ ತಕ್ಕಡಿಗೆ ಬಿದ್ದದ್ದು ಕಾಳಲ್ಲ, ತೂಕದ ಕಲ್ಲೇ ಇರಬಹುದು. ಸಿ1ಕ್ಯೂ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಲೂಪಸ್ ಬರುತ್ತದೆ. ಬಹಳ ಅಪರೂಪ, ಆದರೆ ಸಂಬಂಧದಲ್ಲೇ ಮದುವೆಯಾಗುವ ಕಡೆ ಕಾಣಿಸಿಕೊಳ್ಳುವಂಥದ್ದು. ಅಂಥ ಮಗುವಿಗೂ ಮೊದಲು ಮಾಡುವುದು ಸಿಎಚ್50 ಅನ್ನುವ ಸಾದಾ ರಕ್ತ ಪರೀಕ್ಷೆ. ಕಾಂಪ್ಲಿಮೆಂಟ್ ಪೂರ್ತಿ ಕೈಕೊಟ್ಟಿದ್ದರೆ ಅದು ಸೊನ್ನೆಗೆ ಬಂದು ನಿಲ್ಲುತ್ತದೆ. ರೋಗ ಕೆರಳಿರುವಾಗ ಎಲ್ಲರಲ್ಲೂ ಕಡಿಮೆ ಇರುತ್ತದೆ, ಹಾಗಾಗಿ ಶಾಂತವಾಗಿರುವಾಗ ಮಾಡಿಸಬೇಕು. ಜೀನ್ ಪರೀಕ್ಷೆ ಅದಾದ ಮೇಲೆ. ನಿಮ್ಮ ಹಿರಿಯವಳಿಗೆ ಬಂದದ್ದು 22ಕ್ಕೆ, ನಿಮ್ಮದು ಹೊರಗಿನ ಸಂಬಂಧ. ನೀವು ಈ ಗುಂಪಿನವರಲ್ಲ.

ಇನ್ನು ತಮ್ಮನಿಗೆ ಕೊಡುವ ಮಾತು. ನಮ್ಮ ಕಡೆ ಸೋದರಮಾವನ ಹಕ್ಕು ಅಂದರೆ ಹಕ್ಕೇ, ನನಗೂ ಗೊತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲೂ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಸುಮಾರು ಒಂದು ಸಂಬಂಧದಲ್ಲೇ ಆಗುತ್ತದೆ. ಆದರೆ ಮಾವ ಮತ್ತು ಅಕ್ಕನ ಮಗಳು ಜೀನಿನಲ್ಲಿ ನಾಲ್ಕನೇ ಒಂದು ಪಾಲು ಒಂದೇ. ಅವರಿಗೆ ಹುಟ್ಟುವ ಮಗುವಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಸೋದರಮಾವನ ಮಗನಾದರೆ ಹದಿನಾರರಲ್ಲಿ ಒಂದು. ಲೂಪಸ್ ನೂರು ಕಾಳಿನ ರೋಗವಾದ್ದರಿಂದ ಇದರಿಂದ ಅದರ ಸಾಧ್ಯತೆ ಬಹಳ ಏರುವುದಿಲ್ಲ. ಏರುವುದು ಎರಡೂ ಪ್ರತಿ ಕೆಟ್ಟರೆ ಬರುವ ರೋಗಗಳು. ಹುಟ್ಟು ಕಿವುಡು, ರಕ್ತ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ, ಮಗುವಿನ ಬುದ್ಧಿ ಬೆಳವಣಿಗೆ ನಿಲ್ಲಿಸುವ ಕೆಲವು ಕಾಯಿಲೆಗಳು. ಯಾವ ದಂಪತಿಗಾದರೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳು ಮದುವೆಯಾದರೆ ಆ ಅಂಕಿ ಹೆಚ್ಚು ಕಡಿಮೆ ಇಮ್ಮಡಿ. ಸೋದರಮಾವನಾದರೆ ಅದಕ್ಕಿಂತ ಜಾಸ್ತಿ.

ನನ್ನನ್ನು ಕೇಳಿದರೆ ಹೊರಗಿನ ಗಂಡು ನೋಡಿ ಅನ್ನುತ್ತೇನೆ. ಲೂಪಸ್ ಇಲ್ಲದಿದ್ದರೂ ಇದನ್ನೇ ಅನ್ನುತ್ತಿದ್ದೆ. ಮಾತು ಮುಂದೆ ಹೋಗಿದ್ದರೆ ಇಬ್ಬರಿಗೂ ಥಲಸ್ಸೀಮಿಯಾ ತಪಾಸಣೆ ಮಾಡಿಸಿ, ಮನೆತನದಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ, ಕಿವಿ ಕೇಳದ, ಮಾತು ಬಾರದ ಮಕ್ಕಳಿದ್ದರೇ ಅಂತ ಹಿರಿಯರನ್ನು ಕೂರಿಸಿ ಕೇಳಿ. ಇಪ್ಪತ್ತರ ಹುಡುಗಿಯ ಮನಸ್ಸು ಕೇಳಿದ್ದೀರಾ ಅನ್ನುವುದು ಡಾಕ್ಟರು ಕೇಳುವ ಪ್ರಶ್ನೆಯಲ್ಲ. ಆದರೂ ಕೇಳುತ್ತಿದ್ದೇನೆ.

ನೀವು ಇಡೀ ಪತ್ರದಲ್ಲಿ ಕಿರಿಯವಳ ಮದುವೆ ಮಾತಾಡಿದ್ದೀರಿ, ಹಿರಿಯವಳದ್ದು ಎತ್ತಿಲ್ಲ. ಲೂಪಸ್ ಇದ್ದವಳಿಗೆ ಮದುವೆ, ಮಕ್ಕಳು ಬೇಡ ಅಂತ ಯಾರಾದರೂ ಹೇಳಿದ್ದರೆ ಅದು ಹಳೇ ಕಾಲದ ಮಾತು. ರೋಗ ಆರು ತಿಂಗಳು ಶಾಂತವಾಗಿದ್ದು, ಕಿಡ್ನಿ ಸರಿಯಿದ್ದು, ತಯಾರಿಯಿಂದ ಗರ್ಭಿಣಿಯಾದರೆ ಬಹುತೇಕರಿಗೆ ಮಗು ಚೆನ್ನಾಗೇ ಆಗುತ್ತದೆ. ಮಗುವಿಗೆ ಮುಂದೆ ಲೂಪಸ್ ಬರುವ ಸಾಧ್ಯತೆಯೂ ನೂರಕ್ಕೆ ಬೆರಳೆಣಿಕೆಯಷ್ಟು. ದುಡ್ಡು ಖರ್ಚು ಮಾಡುವುದಾದರೆ ಜೀನಿಗಲ್ಲ, ಅವಳ ರಕ್ತದ ಎರಡು ಪರೀಕ್ಷೆಗೆ ಮಾಡಿ. ಒಂದು ಆ್ಯಂಟಿ-ರೋ ಆ್ಯಂಟಿಬಾಡಿ. ಅದಿದ್ದರೆ ನೂರರಲ್ಲಿ ಒಂದೆರಡು ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಎದೆಬಡಿತ ನಿಧಾನವಾಗುತ್ತದೆ. ಮೊದಲೇ ಗೊತ್ತಿದ್ದರೆ 16-18 ವಾರದಿಂದ ಮಗುವಿನ ಹೃದಯ ಸ್ಕ್ಯಾನ್ ಮಾಡಿ ಕಾಯಬಹುದು. ಇನ್ನೊಂದು ಆ್ಯಂಟಿಫಾಸ್ಫೋಲಿಪಿಡ್. ಅದಿದ್ದರೆ ಗರ್ಭ ನಿಲ್ಲದೆ ಹೋಗಬಹುದು, ರಕ್ತ ಹೆಪ್ಪುಗಟ್ಟಬಹುದು, ಆದರೆ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದಿನಿಂದ ದಾಟಿಸಬಹುದು. ಮೈಕೋಫಿನೊಲೇಟ್ ನುಂಗುತ್ತಿದ್ದರೆ ಗರ್ಭಕ್ಕೆ ಮುಂಚೆಯೇ ಡಾಕ್ಟರು ಅದನ್ನು ಬದಲಾಯಿಸಬೇಕು. ಬೀಗರಿಗೆ ಅವಳ ಕಾಯಿಲೆ ಹೇಳಿಯೇ ಮದುವೆ ಮಾಡಿ. ಮುಚ್ಚಿಟ್ಟು ಮಾಡಿದ ಮನೆಗಳಲ್ಲಿ ಹುಡುಗಿ ಗುಳಿಗೆ ಕದ್ದು ನುಂಗುತ್ತಾಳೆ, ಆಮೇಲೆ ಬಿಟ್ಟೇಬಿಡುತ್ತಾಳೆ. ಕಿರಿಯವಳ 1:80 ಮಾತ್ರ ಯಾರಿಗೂ ಹೇಳಬೇಕಾಗಿಲ್ಲ, ಅದು ಕಾಯಿಲೆಯೇ ಅಲ್ಲ.

ಕೊನೆಗೆ ಹಿರಿಯವಳ ಪ್ರಶ್ನೆ. ಈ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ, ಹಾಗಾಗಿ ಇದನ್ನು ಅವಳಿಗೇ ಓದಿ ಹೇಳಿ. ಹುಟ್ಟಿನಿಂದ ಬಂದದ್ದಾದರೆ ಗುಳಿಗೆ ಯಾಕೆ? ಅವಳು ನುಂಗುತ್ತಿರುವುದು ಹೈಡ್ರಾಕ್ಸಿಕ್ಲೋರೋಕ್ವಿನ್ ಇರಬೇಕು, ಬಹುತೇಕ ಎಲ್ಲ ಲೂಪಸ್ ರೋಗಿಗಳಿಗೂ ಕೊಡುತ್ತೇವೆ. ಮೂಲದಲ್ಲಿ ಮಲೇರಿಯಾದ ಗುಳಿಗೆ. ಲೂಪಸ್‌ಗೆ 1950ರ ದಶಕದಿಂದ ಬಳಕೆಯಲ್ಲಿದೆ. ಅದು ಎಲ್ಲಿ ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು ಬಹಳ ತಡವಾಗಿ. ಮೇಲೆ ಹೇಳಿದ ಟಿಎಲ್‌ಆರ್7 ಗಂಟೆ ಇದೆಯಲ್ಲ, ಕೋಶದೊಳಗೆ ಅದು ಇರುವ ಜಾಗಕ್ಕೇ ಹೋಗಿ ಗಂಟೆಯ ಸದ್ದು ಅಡಗಿಸುತ್ತದೆ. ಹುಟ್ಟಿನಿಂದ ಬಂದ ಜೀನನ್ನು ಗುಳಿಗೆ ಬದಲಾಯಿಸುವುದಿಲ್ಲ. ಅದರ ಗಲಾಟೆಯನ್ನು ನಿಲ್ಲಿಸುತ್ತದೆ. ಆರಾಮಿದ್ದ 47 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಈ ಗುಳಿಗೆ, ಇನ್ನೊಂದಕ್ಕೆ ಅದರ ಹಾಗೇ ಕಾಣುವ ಖಾಲಿ ಗುಳಿಗೆ ಕೊಟ್ಟು ಕೆನಡಾದವರು ನೋಡಿದ್ದರು. 1991ರ ಮಾತು. ಆರು ತಿಂಗಳಲ್ಲಿ ಖಾಲಿ ಗುಳಿಗೆಯವರಿಗೆ ರೋಗ ಕೆರಳಿದ್ದು ಎರಡೂವರೆ ಪಟ್ಟು. ಅವರೂ ನಿಮ್ಮ ಮಗಳ ಹಾಗೆ ಆರಾಮಿದ್ದವರೇ.

ಗರ್ಭಿಣಿಯಾದಾಗಲೂ ಅದನ್ನು ಬಿಡುವ ಹಾಗಿಲ್ಲ. ದಿನದ ಪ್ರಮಾಣ ಮೈತೂಕದ ಕಿಲೋಗೆ 5 ಮಿಲಿಗ್ರಾಂ ಮೀರಬಾರದು, 50 ಕಿಲೋ ಇದ್ದರೆ 250. ಎರಡು ವರ್ಷದಲ್ಲಿ ತೂಕ ಬದಲಾಗಿದ್ದರೆ ಡಾಕ್ಟರಿಗೆ ಹೇಳಿ ಲೆಕ್ಕ ಸರಿ ಮಾಡಿಸಿಕೊಳ್ಳಲಿ. ಶುರುವಿನಲ್ಲಿ ಕಣ್ಣಿನ ಪರದೆ ತೋರಿಸಿಲ್ಲದಿದ್ದರೆ ಈಗ ತೋರಿಸಲಿ, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ. ಮೂತ್ರ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಆರಾಮಿದ್ದರೂ ಸರಿ.